ಆಲೂಗಡ್ಡೆಯ ಮೆದು ಕೊಳೆ: ಕಿಣ್ವಗಳಿಗೆ ಅವಕಾಶ ಕೊಡದೆ ಬೆಳೆ ಉಳಿಸಿಕೊಳ್ಳುವುದು ಹೇಗೆ?

"ಮೆದು ಕೊಳೆಗೆ ಯಾವ ಔಷಧಿ ಹೊಡೆಯಬೇಕು?" ಆಲೂಗಡ್ಡೆ ಬೆಳೆಯುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಉತ್ತರ ನೇರವಾಗಿಯೇ ಹೇಳುತ್ತೇನೆ. ಗಡ್ಡೆಯ ಒಳಗೆ ಕೊಳೆ ಶುರುವಾದ ಮೇಲೆ ಅದನ್ನು ನಿಲ್ಲಿಸುವ ಔಷಧಿ ಇಲ್ಲ. ಶಿಲೀಂಧ್ರನಾಶಕ ಇಲ್ಲಿ ಕೆಲಸ ಮಾಡುವುದಿಲ್ಲ, ಯಾಕಂದ್ರೆ ಇದು ಶಿಲೀಂಧ್ರದ ರೋಗವಲ್ಲ, ಬ್ಯಾಕ್ಟೀರಿಯಾದ ರೋಗ. ತಾಮ್ರದ ದ್ರಾವಣ ಎಲೆ ಮೇಲೆ ಕೂರುತ್ತದೆ, ಮಣ್ಣಿನೊಳಗಿನ ಗಡ್ಡೆಗೆ ಇಳಿಯುವುದಿಲ್ಲ.

ಹಾಗಂತ ಕೈಕಟ್ಟಿ ಕೂರಬೇಕಿಲ್ಲ. ಈ ಬ್ಯಾಕ್ಟೀರಿಯಾ ಗಡ್ಡೆಯನ್ನು ಕೊಳೆಸುವುದು ತಾನು ಹೊರಬಿಡುವ ಕಿಣ್ವಗಳಿಂದ. ಕಿಣ್ವ ಅಂದ್ರೆ ಎಂಜೈಮ್, ಒಂದು ವಸ್ತುವನ್ನು ಬೇಗ ಬೇಗ ಕತ್ತರಿಸಿ ಹಾಕುವ ಪ್ರೋಟೀನ್. ಆ ಕಿಣ್ವಗಳು ಹೊರಗೆ ಬರಬೇಕಾದರೆ ಬ್ಯಾಕ್ಟೀರಿಯಾಕ್ಕೆ ಕೆಲವು ಅನುಕೂಲಗಳು ಒಟ್ಟಿಗೆ ಕೂಡಿ ಬರಬೇಕು. ಅವು ಕೂಡಿ ಬರದಂತೆ ನೋಡಿಕೊಳ್ಳುವುದು ಮಾತ್ರ ಪೂರ್ತಿ ನಮ್ಮ ಕೈಯಲ್ಲಿದೆ. ಬಿತ್ತನೆ ಗಡ್ಡೆ ಆರಿಸುವುದರಿಂದ ಹಿಡಿದು ದಾಸ್ತಾನಿನವರೆಗೆ ಏನೇನು ಮಾಡಬೇಕು ಅಂತ ಹಂತ ಹಂತವಾಗಿ ಹೇಳುತ್ತೇನೆ. ಮೊದಲು ಕಿಣ್ವಗಳ ಕೆಲಸ ಸ್ವಲ್ಪ ತಿಳಿದುಕೊಳ್ಳೋಣ. ಇದನ್ನು ಬಿಟ್ಟು ಮುಂದೆ ಓಡಬೇಡಿ. ಯಾಕೆ ಎಂದು ಗೊತ್ತಿಲ್ಲದೆ ಮಾಡಿದ ಕೆಲಸ ಗಡಿಬಿಡಿಯ ದಿನ ಮೊದಲು ತಪ್ಪಿಹೋಗುತ್ತದೆ.

ಗಡ್ಡೆ ಮೆತ್ತಗಾಗುವುದು ಹೇಗೆ?

ಈ ರೋಗ ತರುವ ಬ್ಯಾಕ್ಟೀರಿಯಾಗಳಲ್ಲಿ ಮುಖ್ಯವಾದವು ಎರಡು ಗುಂಪು, ಪೆಕ್ಟೋಬ್ಯಾಕ್ಟೀರಿಯಂ ಮತ್ತು ಡಿಕಿಯಾ. ಹಳೆಯ ಪುಸ್ತಕಗಳಲ್ಲಿ ಎರಡೂ ಎರ್ವಿನಿಯಾ ಎಂಬ ಹೆಸರಲ್ಲೇ ಸಿಗುತ್ತವೆ. ಪೆಕ್ಟೋಬ್ಯಾಕ್ಟೀರಿಯಂ ಅಟ್ರೋಸೆಪ್ಟಿಕಂ ತಂಪು ಹವೆಯಲ್ಲಿ ಜಾಸ್ತಿ ಕಾಟ ಕೊಡುತ್ತದೆ. ಡಿಕಿಯಾ ಜಾತಿಗಳು ಮತ್ತು ಪೆಕ್ಟೋಬ್ಯಾಕ್ಟೀರಿಯಂನ ಇನ್ನು ಕೆಲವು ಬಗೆಗಳು 25 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಜೋರಾಗುತ್ತವೆ. ಹಾಗಾಗಿ ತಂಪು ಸೀಮೆ, ಬಿಸಿ ಸೀಮೆ ಎರಡೂ ಕಡೆ ಈ ರೋಗ ಇದೆ.

ಆಲೂಗಡ್ಡೆಯ ತಿರುಳು ಲಕ್ಷಾಂತರ ಜೀವಕೋಶಗಳಿಂದ ಆಗಿದೆ. ಒಂದು ಕೋಶವನ್ನು ಪಕ್ಕದ ಕೋಶಕ್ಕೆ ಅಂಟಿಸಿ ಹಿಡಿದಿರುವುದು ಪೆಕ್ಟಿನ್ ಎಂಬ ಅಂಟು ಪದಾರ್ಥ. ಇಟ್ಟಿಗೆ ಗೋಡೆಯ ಗಾರೆ ಇದ್ದ ಹಾಗೆ. ಗಾರೆ ಕರಗಿದರೆ ಇಟ್ಟಿಗೆ ಒಂದೊಂದೂ ಗಟ್ಟಿಯಾಗೇ ಇದ್ದರೂ ಗೋಡೆ ನಿಲ್ಲುವುದಿಲ್ಲ, ಅಲ್ವಾ? ಬ್ಯಾಕ್ಟೀರಿಯಾ ಮಾಡುವುದು ಇದನ್ನೇ.

ಅದರ ಬಳಿ ಇರುವ ಕಿಣ್ವಗಳಲ್ಲಿ ಮುಖ್ಯವಾದವು ಇವು.

ಪೆಕ್ಟೇಟ್ ಲಯೇಸ್: ಎಲ್ಲಕ್ಕಿಂತ ದೊಡ್ಡ ಕೈ ಇದರದೇ. ಪೆಕ್ಟಿನ್ನಿನ ಉದ್ದನೆಯ ಸರಪಳಿಯನ್ನು ನಡುನಡುವೆ ಕತ್ತರಿಸುತ್ತದೆ. ಕೆಲಸ ಮಾಡಲು ಇದಕ್ಕೆ ಕ್ಯಾಲ್ಸಿಯಂ ಬೇಕು, ಮತ್ತು ಕ್ಷಾರದ ಕಡೆಗಿರುವ ಪಿಎಚ್ ಹಿಡಿಸುತ್ತದೆ. ಪಿಎಚ್ ಅಂದ್ರೆ ಹುಳಿ ಮತ್ತು ಕ್ಷಾರ ಅಳೆಯುವ ಅಳತೆ. 7 ನಡುಮಟ್ಟ, ಅದಕ್ಕಿಂತ ಕೆಳಗೆ ಹುಳಿ, ಮೇಲೆ ಕ್ಷಾರ. ಒಂದೇ ಬ್ಯಾಕ್ಟೀರಿಯಾದಲ್ಲಿ ಪೆಕ್ಟೇಟ್ ಲಯೇಸಿನ ಹಲವು ರೂಪಗಳಿರುತ್ತವೆ. ಒಂದು ಕೆಲಸ ಮಾಡದಿದ್ದರೆ ಇನ್ನೊಂದು ಮಾಡುತ್ತದೆ.

ಪಾಲಿಗ್ಯಾಲಕ್ಚುರೋನೇಸ್: ಇದೂ ಅದೇ ಸರಪಳಿಯನ್ನು ಕತ್ತರಿಸುವುದು. ಆದರೆ ಇದಕ್ಕೆ ಸ್ವಲ್ಪ ಹುಳಿ ವಾತಾವರಣವೇ ಒಗ್ಗುತ್ತದೆ. ತಾಜಾ ಗಡ್ಡೆಯ ರಸ ತುಸು ಹುಳಿ ಕಡೆಗೇ ಇರುತ್ತದೆ. ಕೊಳೆ ಮುಂದುವರಿದ ಹಾಗೆ ಕ್ಷಾರದ ಕಡೆ ವಾಲುತ್ತದೆ. ಅಂದ್ರೆ ಯಾವ ಹೊತ್ತಿನಲ್ಲೂ ಬ್ಯಾಕ್ಟೀರಿಯಾದ ಕೈಯಲ್ಲಿ ಒಂದಲ್ಲ ಒಂದು ಆಯುಧ ಇದ್ದೇ ಇರುತ್ತದೆ.

ಪೆಕ್ಟಿನ್ ಮಿಥೈಲ್ ಎಸ್ಟರೇಸ್: ಇದು ತಾನೇ ಕತ್ತರಿಸುವುದಿಲ್ಲ. ಪೆಕ್ಟಿನ್ನಿಗೆ ಅಂಟಿಕೊಂಡಿರುವ ಮಿಥೈಲ್ ಎಂಬ ಸಣ್ಣ ಗುಂಪುಗಳನ್ನು ತೆಗೆದುಹಾಕಿ, ಮೇಲಿನ ಎರಡು ಕಿಣ್ವಗಳಿಗೆ ದಾರಿ ಮಾಡಿಕೊಡುತ್ತದೆ.

ಸೆಲ್ಯುಲೇಸ್, ಪ್ರೋಟಿಯೇಸ್: ಕೋಶದ ಗೋಡೆಯ ಸೆಲ್ಯುಲೋಸ್ ಮತ್ತು ಪ್ರೋಟೀನನ್ನು ಒಡೆಯುವವು. ಇವು ಸಹಾಯಕರು ಅಷ್ಟೇ.

ಇಲ್ಲಿ ಪಿಷ್ಟದ ಹೆಸರೇ ಬರಲಿಲ್ಲ, ಗಮನಿಸಿದಿರಾ? ಗಡ್ಡೆಯಲ್ಲಿ ತುಂಬಿರುವುದೇ ಪಿಷ್ಟ, ಆದರೆ ಈ ಕಿಣ್ವಗಳು ಅದನ್ನು ಮುಟ್ಟುವುದಿಲ್ಲ. ಕೊಳೆತ ಜಾಗದಿಂದ ಬರುವ ಕೆನೆ ಬಣ್ಣದ ಲೋಳೆಯನ್ನು ಕೈಗವಸು ಹಾಕಿದ ಬೆರಳುಗಳ ನಡುವೆ ತಿಕ್ಕಿ ನೋಡಿ. ನುಣ್ಣನೆಯ ಹಿಟ್ಟಿನ ಕಣಗಳು ಸಿಗುತ್ತವೆ. ಕೋಶಗಳು ಬಿಡಿಬಿಡಿಯಾಗಿ ಒಡೆದುಹೋಗಿವೆ, ಪಿಷ್ಟ ಮಾತ್ರ ಹಾಗೇ ಉಳಿದಿದೆ.

ಕಿಣ್ವ ಯಾವಾಗ ಹೊರಗೆ ಬರುತ್ತದೆ?

ನೋಡಲು ಚೆನ್ನಾಗಿರುವ ಗಡ್ಡೆಯಲ್ಲೂ ಈ ಬ್ಯಾಕ್ಟೀರಿಯಾ ಇರಬಹುದು. ಸಿಪ್ಪೆಯ ಮೇಲಿನ ಚಿಕ್ಕ ಚಿಕ್ಕ ಚುಕ್ಕೆಗಳನ್ನು ನೋಡಿದ್ದೀರಲ್ಲ? ಅವು ಗಡ್ಡೆ ಉಸಿರಾಡುವ ರಂಧ್ರಗಳು, ಲೆಂಟಿಸೆಲ್ ಎನ್ನುತ್ತಾರೆ. ಅವುಗಳಲ್ಲಿ ಬ್ಯಾಕ್ಟೀರಿಯಾ ತಿಂಗಳುಗಟ್ಟಲೆ ಸುಮ್ನೆ ಕೂತಿರುತ್ತದೆ. ಅದು ಕೆಲಸ ಶುರು ಮಾಡುವುದು ಎಣಿಕೆ ನೋಡಿಕೊಂಡು.

ಪೆಕ್ಟೋಬ್ಯಾಕ್ಟೀರಿಯಂ ಗುಂಪಿನ ಪ್ರತಿಯೊಂದು ಬ್ಯಾಕ್ಟೀರಿಯಾವೂ ಅಸೈಲ್ ಹೋಮೋಸೆರಿನ್ ಲ್ಯಾಕ್ಟೋನ್ ಎಂಬ ಸಣ್ಣ ಸಂಕೇತ ಅಣುವನ್ನು ಹೊರಗೆ ಬಿಡುತ್ತಿರುತ್ತದೆ. ಸಂಖ್ಯೆ ಕಡಿಮೆ ಇದ್ದಾಗ ಆ ಸಂಕೇತ ಚದುರಿಹೋಗುತ್ತದೆ. ಸಂಖ್ಯೆ ಹೆಚ್ಚಾದರೆ ಸಂಕೇತ ಸುತ್ತಲೂ ತುಂಬಿಕೊಂಡು ಎಲ್ಲವೂ ಒಟ್ಟಿಗೆ ಕಿಣ್ವ ಬಿಡಲು ಶುರು ಮಾಡುತ್ತವೆ. ಇದಕ್ಕೆ ಕೋರಂ ಸೆನ್ಸಿಂಗ್ ಎಂದು ಹೆಸರು. ಕಾಯುವುದಕ್ಕೆ ಕಾರಣವೂ ಇದೆ. ಒಡೆದ ಪೆಕ್ಟಿನ್ ಚೂರುಗಳನ್ನು ಗಿಡ ಗುರುತಿಸುತ್ತದೆ, ಕೂಡಲೇ ಎಚ್ಚೆತ್ತು ಎದುರು ನಿಲ್ಲುತ್ತದೆ. ಅಲ್ಪಸ್ವಲ್ಪ ಕಿಣ್ವ ಬಿಟ್ಟು ಸಿಕ್ಕಿಬೀಳುವ ಬದಲು ಬಲ ಕೂಡಿಸಿಕೊಂಡು ಒಮ್ಮೆಲೇ ನುಗ್ಗುವುದು ಅದಕ್ಕೆ ಲಾಭ. ಸಂಕೇತ ತಯಾರಿಸಲು ಬಾರದ ಬ್ಯಾಕ್ಟೀರಿಯಾ ತಳಿಗಳು ರೋಗ ಮಾಡುವ ಶಕ್ತಿಯನ್ನೇ ಕಳೆದುಕೊಳ್ಳುತ್ತವೆ ಎಂಬುದು 1990ರ ದಶಕದಲ್ಲಿ ಪ್ರಯೋಗಗಳಿಂದ ಗೊತ್ತಾಯಿತು. ಹಾಗೆಯೇ, ಕಿಣ್ವ ತಯಾರಿಸಿದರೂ ಅದನ್ನು ಹೊರಗೆ ತಳ್ಳುವ ವ್ಯವಸ್ಥೆ ಕೆಟ್ಟಿರುವ ತಳಿಗಳೂ ಗಡ್ಡೆ ಕೊಳೆಸಲಾರವು.

ಒಮ್ಮೆ ಶುರುವಾದರೆ ವೇಗ ತಾನಾಗೇ ಏರುತ್ತದೆ. ಒಡೆದ ಪೆಕ್ಟಿನ್ನಿನ ಚೂರುಗಳು ಬ್ಯಾಕ್ಟೀರಿಯಾದ ಒಳಗೆ ಹೋಗಿ ಆಹಾರವೂ ಆಗುತ್ತವೆ, "ಇನ್ನಷ್ಟು ಕಿಣ್ವ ಮಾಡು" ಎಂಬ ಸೂಚನೆಯೂ ಆಗುತ್ತವೆ. ನಿನ್ನೆ ಗಟ್ಟಿಯಿದ್ದ ಗಡ್ಡೆ ಇವತ್ತು ಲೋಳೆಯಾಗುವುದು ಇದರಿಂದಲೇ.

ಹಾಗಾದರೆ ಸಂಖ್ಯೆ ಬೆಳೆಯಲು ಏನು ಬೇಕು? ಬೆಚ್ಚಗಿನ ಹವೆ, ಒಳಗೆ ಹೋಗಲು ಗಾಯ ಅಥವಾ ತೆರೆದ ಲೆಂಟಿಸೆಲ್, ಮತ್ತು ನೀರು. ಇವುಗಳಲ್ಲಿ ನೀರೇ ನನ್ನ ಲೆಕ್ಕದಲ್ಲಿ ಮೊದಲ ಶತ್ರು. ಗಡ್ಡೆಯ ಮೇಲೆ ತೆಳುವಾದ ನೀರಿನ ಪೊರೆ ಕೂತರೂ ಸಾಕು, ಗಾಳಿ ಒಳಗೆ ಹೋಗುವುದು ನಿಲ್ಲುತ್ತದೆ. ಗಡ್ಡೆಯೂ ಜೀವಂತ, ಉಸಿರಾಡುತ್ತಲೇ ಇರುತ್ತದೆ. ಬೆಚ್ಚಗಿನ ಹವೆಯಲ್ಲಿ ಎರಡು ಮೂರು ಗಂಟೆಯಲ್ಲೇ ಒಳಗಿನ ಆಮ್ಲಜನಕ ಖಾಲಿಯಾಗಬಹುದು. ಆಮ್ಲಜನಕ ಇಲ್ಲದಿದ್ದರೆ ಗಡ್ಡೆ ಗಾಯ ಮುಚ್ಚಿಕೊಳ್ಳಲಾರದು, ಕೋಶಗಳಿಂದ ರಸ ಸೋರುತ್ತದೆ. ಬ್ಯಾಕ್ಟೀರಿಯಾಕ್ಕೆ ಆಮ್ಲಜನಕ ಇದ್ದರೂ ಆಯಿತು, ಇಲ್ಲದಿದ್ದರೂ ಆಯಿತು. ಮುಂದಿನ ಹಂತಗಳಲ್ಲಿ "ಒಣಗಿಸಿ, ಗಾಳಿ ಆಡಲಿ" ಎಂದು ಪದೇ ಪದೇ ಬರುವುದು ಇದಕ್ಕೇ.

ಏನೇನು ಇಟ್ಟುಕೊಳ್ಳಬೇಕು?

ದುಬಾರಿ ಸಲಕರಣೆ ಏನೂ ಬೇಡ. ಗಡ್ಡೆಗೆ ಚುಚ್ಚಿ ಒಳಗಿನ ಉಷ್ಣತೆ ನೋಡುವ ಥರ್ಮಾಮೀಟರ್, ಗಾಳಿಯ ತೇವಾಂಶ ತೋರಿಸುವ ಮೀಟರ್, ಹರಿತವಾದ ಚಾಕುಗಳು, ಕೈಗವಸು, ಚಾಕು ತೊಳೆಯಲು ಬ್ಲೀಚ್ ದ್ರಾವಣ ಅಥವಾ 70 ಶೇಕಡಾ ಆಲ್ಕೋಹಾಲ್, ಪ್ಲಾಸ್ಟಿಕ್ ಚೀಲ, ನೀರು ಹೀರುವ ಕಾಗದ. ಇಷ್ಟಿದ್ದರೆ ಸಾಕು.

ಹಂತ 1: ಇದು ಮೆದು ಕೊಳೆಯೇ ಅಂತ ಖಚಿತ ಮಾಡಿಕೊಳ್ಳಿ

ಗಡ್ಡೆಯನ್ನು ನಡುವೆ ಸೀಳಿ. ಮೆದು ಕೊಳೆಯಾದರೆ ಕೊಳೆತ ಭಾಗ ಕೆನೆ ಅಥವಾ ತಿಳಿ ಕಂದು ಬಣ್ಣದ ಲೋಳೆಯಾಗಿರುತ್ತದೆ. ಒಳ್ಳೆಯ ತಿರುಳು ಮತ್ತು ಕೊಳೆತ ತಿರುಳಿನ ನಡುವೆ ಗೆರೆ ಎಳೆದ ಹಾಗೆ ಗಡಿ ಕಾಣುತ್ತದೆ. ಆ ಗಡಿ ಹಲವು ಸಲ ಕಂದು ಕಪ್ಪಾಗಿರುತ್ತದೆ. ಚಮಚದಲ್ಲಿ ಲೋಳೆಯನ್ನು ತೆಗೆದರೆ ಕೆಳಗೆ ಗಟ್ಟಿ ತಿರುಳು ಸಿಗುತ್ತದೆ.

ವಾಸನೆ ನೋಡಿ ತೀರ್ಮಾನ ಮಾಡಬೇಡಿ. ಇಲ್ಲಿ ತುಂಬಾ ಜನ ಎಡವುತ್ತಾರೆ. ಶುರುವಿನಲ್ಲಿ ಮೆದು ಕೊಳೆಗೆ ಹೇಳಿಕೊಳ್ಳುವಂಥ ವಾಸನೆಯೇ ಇರುವುದಿಲ್ಲ. ಕೆಟ್ಟ ನಾತ ಬರುವುದು ಆಮೇಲೆ ಬೇರೆ ಬೇರೆ ಬ್ಯಾಕ್ಟೀರಿಯಾಗಳು ಸೇರಿಕೊಂಡ ಮೇಲೆ. ವಾಸನೆ ಬರಲಿ ಅಂತ ಕಾದರೆ ತಡವಾಗಿರುತ್ತದೆ.

ಬೇರೆ ರೋಗಗಳ ಜೊತೆ ಗೊಂದಲ ಆಗಬಾರದು. ಕೊನೆ ಅಂಗಮಾರಿಯಲ್ಲಿ ಸಿಪ್ಪೆಯ ಕೆಳಗೆ ಕೆಂಪು ಮಿಶ್ರಿತ ಕಂದು ಬಣ್ಣ, ತಿರುಳು ಗಟ್ಟಿಯಾಗೇ ಇರುತ್ತದೆ. ಫ್ಯುಸೇರಿಯಂ ಒಣ ಕೊಳೆಯಲ್ಲಿ ಗಡ್ಡೆ ಸುಕ್ಕಾಗಿ ಒಳಗೆ ಪೊಳ್ಳಾಗುತ್ತದೆ. ಗುಲಾಬಿ ಕೊಳೆಯಾದರೆ ಸೀಳಿದ ಅರ್ಧ ಗಂಟೆಯೊಳಗೆ ತಿರುಳು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ದುಂಡಾಣು ಸೊರಗು ರೋಗದಲ್ಲಿ ಸಿಪ್ಪೆಯಿಂದ ಸ್ವಲ್ಪ ಒಳಗೆ ಕಂದು ಉಂಗುರ ಇರುತ್ತದೆ, ಗಡ್ಡೆ ಒತ್ತಿದರೆ ಆ ಉಂಗುರದಿಂದ ಬಿಳಿ ದ್ರವ ಒಸರುತ್ತದೆ. ಇನ್ನೊಂದು ವಿಷಯ. ಅಂಗಮಾರಿ, ಒಣ ಕೊಳೆ ಮಾಡಿದ ಗಾಯದ ಮೂಲಕವೇ ಮೆದು ಕೊಳೆ ಒಳಗೆ ಬರುವುದು ಬಹಳ ಸಾಮಾನ್ಯ. ಹಾಗಾಗಿ ಒಂದೇ ಗಡ್ಡೆ ಸೀಳಿ ನಿಲ್ಲಿಸಬೇಡಿ. ಪೂರ್ತಿ ಕೊಳೆತದ್ದು ಬಿಡಿ, ಈಗಷ್ಟೇ ಶುರುವಾದ ಗಡ್ಡೆಗಳನ್ನು ಹುಡುಕಿ ಸೀಳಿ. ಮೂಲ ಕಾರಣ ಅಲ್ಲಿ ಕಾಣುತ್ತದೆ.

ಹೊಲದಲ್ಲಿ ಗಿಡದ ಬುಡ ಶಾಯಿ ಬಳಿದ ಹಾಗೆ ಕಪ್ಪಾಗಿ ಲೋಳೆಯಾಗಿದ್ದರೆ, ಎಲೆ ಹಳದಿಯಾಗಿ ಸುರುಳಿ ಸುತ್ತಿದ್ದರೆ, ಅದೂ ಇದೇ ಬ್ಯಾಕ್ಟೀರಿಯಾಗಳ ಕೆಲಸ. ಬ್ಲ್ಯಾಕ್‌ಲೆಗ್ ಎನ್ನುತ್ತಾರೆ. ಗಿಡ ಕಿತ್ತು ನೋಡಿದರೆ ಕಪ್ಪು ಬಣ್ಣ ಕೊಳೆತ ಬಿತ್ತನೆ ಗಡ್ಡೆಯಿಂದ ಮೇಲಕ್ಕೆ ಹತ್ತಿರುವುದು ಕಾಣುತ್ತದೆ.

ಹಂತ 2: ಬಿತ್ತನೆ ಗಡ್ಡೆಯನ್ನು ಪರೀಕ್ಷೆ ಮಾಡಿ

ಬಿತ್ತನೆ ಗಡ್ಡೆ ಪ್ರಮಾಣೀಕೃತ ಇದ್ದರೆ ಒಳ್ಳೆಯದು. ಆದರೂ ಬಿತ್ತುವ ಮುಂಚೆ ಈ ಪರೀಕ್ಷೆ ಮಾಡಿ.

ಬೇರೆ ಬೇರೆ ಚೀಲಗಳಿಂದ ಇಪ್ಪತ್ತರಷ್ಟು ಗಾಯವಿಲ್ಲದ ಗಡ್ಡೆ ತೆಗೆದುಕೊಳ್ಳಿ. ಮಣ್ಣು ಹೋಗುವ ಹಾಗೆ ಮೆತ್ತಗೆ ತೊಳೆಯಿರಿ. ಅರ್ಧದಷ್ಟು ಗಡ್ಡೆಗಳನ್ನು ಒಂದೊಂದಾಗಿ ಒದ್ದೆ ಕಾಗದದಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿಟ್ಟು, ಗಾಳಿ ಹೊರಗೆ ಒತ್ತಿ, ಬಿಗಿಯಾಗಿ ಕಟ್ಟಿ. ಉಳಿದರ್ಧವನ್ನು ಒರೆಸಿ, ಒಣ ಕಾಗದದ ಮೇಲೆ ಗಾಳಿಗೆ ತೆರೆದಿಡಿ. ಎರಡನ್ನೂ ಒಂದೇ ಕೋಣೆಯಲ್ಲಿ, 20ರಿಂದ 25 ಡಿಗ್ರಿಯಲ್ಲಿ, ನಾಲ್ಕೈದು ದಿನ ಬಿಡಿ.

ಚೀಲ ಬಿಚ್ಚಿದಾಗ ಬರಿಗಣ್ಣಿಗೆ ಕಾಣುವ ಮುಂಚೆ ಬೆರಳಿಗೆ ಗೊತ್ತಾಗುತ್ತದೆ. ಗಡ್ಡೆಯ ಸುತ್ತ ಹೆಬ್ಬೆರಳು ಒತ್ತುತ್ತಾ ಬನ್ನಿ. ಲೆಂಟಿಸೆಲ್ ಸುತ್ತ ದುಂಡಗಿನ, ಕಂದು ಬಣ್ಣದ, ಸ್ವಲ್ಪ ತಗ್ಗಾದ ಜಾಗ ಸಿಗುತ್ತದೆ. ಅಲ್ಲಿ ಒತ್ತಿದರೆ ಸಿಪ್ಪೆ ಹರಿಯದೆಯೇ ಬೆರಳು ಒಳಗಿಳಿಯುತ್ತದೆ, ಅಂಚಿನಿಂದ ಕೆನೆ ಬಣ್ಣದ ಲೋಳೆ ಉಕ್ಕುತ್ತದೆ. ಗಾಳಿಗೆ ಬಿಟ್ಟ ಸ್ವಲ್ಪ ಹೊತ್ತಿಗೆ ಆ ಲೋಳೆ ಕಂದಾಗುತ್ತದೆ. ಅದೇ ರಾಶಿಯ ಒಣ ಗಡ್ಡೆಗಳು ಮಾತ್ರ ಹೆಚ್ಚಾಗಿ ಗಟ್ಟಿಯಾಗೇ ಇರುತ್ತವೆ. ಬ್ಯಾಕ್ಟೀರಿಯಾ ಎರಡರಲ್ಲೂ ಇತ್ತು, ಒದ್ದೆ ಮತ್ತು ಉಸಿರುಗಟ್ಟುವಿಕೆ ಒಂದರಲ್ಲಿ ಮಾತ್ರ.

ಒದ್ದೆ ಗಡ್ಡೆಗಳಲ್ಲಿ ಬಹುಪಾಲು ಕೊಳೆತರೆ ಆ ರಾಶಿಯನ್ನು ಬಿತ್ತನೆಗೆ ಬಳಸಬೇಡಿ. ಒಂದೆರಡು ಮಾತ್ರ ಕೊಳೆತರೆ ಮುಂದಿನ ಹಂತಗಳಲ್ಲಿ ಇನ್ನೂ ಜಾಗ್ರತೆ ಬೇಕು. ಒಂದೂ ಕೊಳೆಯದಿದ್ದರೆ "ಬ್ಯಾಕ್ಟೀರಿಯಾನೇ ಇಲ್ಲ" ಅಂತ ಅಂದುಕೊಳ್ಳಬೇಡಿ. ಇಪ್ಪತ್ತು ಗಡ್ಡೆ ಇಡೀ ರಾಶಿಯ ಪರವಾಗಿ ಸಾಕ್ಷಿ ಹೇಳಲಾರವು. ಎರಡು ಕಡೆಯ ಬಿತ್ತನೆ ಗಡ್ಡೆಗಳಲ್ಲಿ ಯಾವುದು ಮೇಲು ಅಂತ ಹೋಲಿಸಲು ಈ ಪರೀಕ್ಷೆ ತುಂಬಾ ಉಪಯೋಗಕ್ಕೆ ಬರುತ್ತದೆ.

ಹಂತ 3: ಕತ್ತರಿಸುವುದೇ ಆದರೆ ಗಾಯ ಮಾಯಲು ಬಿಡಿ

ಚಿಕ್ಕ ಗಾತ್ರದ ಇಡೀ ಗಡ್ಡೆ ಬಿತ್ತಿದರೆ ಅರ್ಧ ತಲೆನೋವು ಅಲ್ಲೇ ಮುಗಿಯಿತು. ಕತ್ತರಿಸಲೇಬೇಕು ಅಂದರೆ ಹರಿತವಾದ ಚಾಕು ಬಳಸಿ. ಮೊಂಡು ಚಾಕು ಕೋಶಗಳನ್ನು ಜಜ್ಜುತ್ತದೆ, ರಸ ಸೋರುತ್ತದೆ, ಆ ರಸವೇ ಬ್ಯಾಕ್ಟೀರಿಯಾಕ್ಕೆ ಊಟ.

ಚಾಕುವನ್ನು ಆಗಾಗ ದ್ರಾವಣದಲ್ಲಿ ಅದ್ದಿ. ರಾಶಿ ಬದಲಾದಾಗಲಂತೂ ತಪ್ಪದೆ. ಕೊಳೆತ ಗಡ್ಡೆಗೆ ಚಾಕು ತಾಗಿದರೆ ಆ ಚಾಕು ಪಕ್ಕಕ್ಕಿಟ್ಟು ಬೇರೆ ತೆಗೆದುಕೊಳ್ಳಿ. ಬ್ಲೀಚ್ ಬಗ್ಗೆ ಒಂದು ಎಚ್ಚರಿಕೆ: ಮಣ್ಣು ಮತ್ತು ಗಡ್ಡೆಯ ರಸ ಸೇರಿದ ಹಾಗೆ ಅದರ ಶಕ್ತಿ ಕುಗ್ಗುತ್ತದೆ. ಬೆಳಿಗ್ಗೆ ಮಾಡಿಟ್ಟ ದ್ರಾವಣ ಸಂಜೆಯವರೆಗೂ ಕೆಲಸ ಮಾಡುತ್ತದೆ ಎಂಬ ಭರವಸೆ ಬೇಡ. ದ್ರಾವಣ ಕದಡಿದರೆ ಬದಲಾಯಿಸಿ. ಬ್ಲೀಚಿಗೆ ಹುಳಿ ಪದಾರ್ಥವನ್ನಾಗಲಿ ಅಮೋನಿಯಾವನ್ನಾಗಲಿ ಯಾವತ್ತೂ ಬೆರೆಸಬೇಡಿ, ವಿಷದ ಗಾಳಿ ಏಳುತ್ತದೆ.

ಕತ್ತರಿಸಿದ ತುಂಡುಗಳನ್ನು ಕೂಡಲೇ ಚೀಲಕ್ಕೆ ತುಂಬುವುದು ದೊಡ್ಡ ತಪ್ಪು. ಒದ್ದೆ ಮುಖಗಳು ಒಂದಕ್ಕೊಂದು ಅಂಟಿ, ನಡುವೆ ಗಾಳಿ ಇಲ್ಲದೆ, ಬ್ಯಾಕ್ಟೀರಿಯಾಕ್ಕೆ ಬೇಕಾದ್ದೆಲ್ಲ ಒಂದೇ ಕಡೆ ಸಿಕ್ಕಿಬಿಡುತ್ತದೆ. ತೆಳುವಾಗಿ ಹರಡಿ. 12ರಿಂದ 15 ಡಿಗ್ರಿ, ತೇವದ ಗಾಳಿ, ನೇರ ಬಿಸಿಲಿಲ್ಲದ ಜಾಗ. ಕೆಲವು ದಿನ ಹಾಗೇ ಬಿಟ್ಟರೆ ಕತ್ತರಿಸಿದ ಮುಖದ ಮೇಲೆ ಸುಬೆರಿನ್ ಎಂಬ ಬಿರಡೆಯಂಥ ಪದರ ಕೂರುತ್ತದೆ. ಪೆಕ್ಟಿನ್ ಕತ್ತರಿಸುವ ಕಿಣ್ವಗಳಿಂದ ಈ ಪದರವನ್ನು ಒಡೆಯಲು ಆಗುವುದಿಲ್ಲ. ಬಿತ್ತನೆಯ ಆತುರದಲ್ಲಿ ಈ ಕೆಲವು ದಿನಗಳನ್ನು ದಯವಿಟ್ಟು ಉಳಿಸಲು ಹೋಗಬೇಡಿ.

ತೇವದ ಗಾಳಿ ಬೇಕು ಅಂದರೆ ತುಂಡಿನ ಮೇಲೆ ನೀರು ಚಿಮುಕಿಸಿ ಅಂತ ಅಲ್ಲ. ಗಾಳಿ ತೇವವಾಗಿರಲಿ, ಗಡ್ಡೆಯ ಮೈ ಒಣಗಿರಲಿ.

ಹಂತ 4: ಹೊಲ ಮತ್ತು ನೀರು

ನೀರು ನಿಲ್ಲುವ ತಗ್ಗು ಜಾಗ ಆಲೂಗಡ್ಡೆಗೆ ಬೇಡ. ಏರು ಸಾಲು ಮಾಡಿ, ಮಳೆ ಬಂದರೆ ನೀರು ಹರಿದು ಹೋಗಲು ಕಾಲುವೆ ಇರಲಿ. ಬಿತ್ತಿದ ಕೂಡಲೇ ಜೋರಾಗಿ ನೀರು ಹಾಯಿಸಬೇಡಿ. ಸಾಧ್ಯವಾದರೆ ಹದ ಇರುವ ಮಣ್ಣಿನಲ್ಲಿ ಬಿತ್ತಿ, ಮೊಳಕೆ ಮೇಲೆ ಬಂದ ನಂತರ ನೀರು ಕೊಡಿ.

ಕೆರೆ, ಹಳ್ಳ, ಕಾಲುವೆಯ ನೀರಿನಲ್ಲೂ ಈ ಬ್ಯಾಕ್ಟೀರಿಯಾ ಇರುತ್ತದೆ. ಕೊಳವೆ ಬಾವಿ ನೀರು ಇದ್ದರೆ ಮೇಲು. ತುಂತುರು ನೀರಾವರಿಯಾದರೆ ಕತ್ತಲಾಗುವ ಮುಂಚೆ ಎಲೆ ಒಣಗುವ ಹಾಗೆ ಸಮಯ ಇಟ್ಟುಕೊಳ್ಳಿ.

ಒಂದೇ ಹೊಲದಲ್ಲಿ ವರ್ಷ ವರ್ಷ ಆಲೂಗಡ್ಡೆ ಬೇಡ. ಗಿಡದ ಅವಶೇಷ ಇಲ್ಲದ ಬರಿ ಮಣ್ಣಿನಲ್ಲಿ ಈ ಬ್ಯಾಕ್ಟೀರಿಯಾ ಹೆಚ್ಚು ಕಾಲ ಬದುಕುವುದಿಲ್ಲ. ಎರಡು ಮೂರು ವರ್ಷ ಏಕದಳ ಧಾನ್ಯ ಹಾಕಿದರೆ ಬಹಳ ತಗ್ಗುತ್ತದೆ. ಆದರೆ ಹಿಂದಿನ ಬೆಳೆಯ ಉಳಿಕೆ ಗಡ್ಡೆಗಳಿಂದ ತಾನಾಗಿ ಹುಟ್ಟುವ ಗಿಡಗಳನ್ನು ಕೀಳದಿದ್ದರೆ ಬೆಳೆ ಬದಲಿಸಿದ್ದಕ್ಕೆ ಅರ್ಥವೇ ಇಲ್ಲ. ಕ್ಯಾರೆಟ್, ಎಲೆಕೋಸು, ಈರುಳ್ಳಿಗೂ ಈ ಕೊಳೆ ಬರುತ್ತದೆ ಎಂಬುದು ನೆನಪಿರಲಿ. 1901ರಲ್ಲಿ ಅಮೆರಿಕದ ಎಲ್. ಆರ್. ಜೋನ್ಸ್ ಈ ಬ್ಯಾಕ್ಟೀರಿಯಾವನ್ನು ಮೊದಲು ವಿವರಿಸಿದ್ದೇ ಕ್ಯಾರೆಟ್ಟಿನ ಕೊಳೆಯಿಂದ.

ಹಂತ 5: ಗಡ್ಡೆಗೆ ಕ್ಯಾಲ್ಸಿಯಂ ಸೇರಿಸಿ

ಪೆಕ್ಟೇಟ್ ಲಯೇಸ್ ಕೆಲಸಕ್ಕೆ ಕ್ಯಾಲ್ಸಿಯಂ ಬೇಕು ಎಂದು ಮೇಲೆ ಹೇಳಿದೆ. ಹಾಗಿದ್ದರೆ ಕ್ಯಾಲ್ಸಿಯಂ ಕೊಟ್ಟರೆ ರೋಗಕ್ಕೆ ಸಹಾಯ ಮಾಡಿದ ಹಾಗಲ್ವಾ? ಇಲ್ಲ. ಕಿಣ್ವಕ್ಕೆ ಬೇಕಾಗುವಷ್ಟು ಕ್ಯಾಲ್ಸಿಯಂ ಯಾವ ಗಡ್ಡೆಯಲ್ಲೂ ಇದ್ದೇ ಇರುತ್ತದೆ. ಅದಕ್ಕಿಂತ ಹೆಚ್ಚು ಇದ್ದರೆ ಅದು ಪೆಕ್ಟಿನ್ನಿನ ಸರಪಳಿಗಳನ್ನು ಒಂದಕ್ಕೊಂದು ಬಿಗಿದು ಕಟ್ಟುತ್ತದೆ. ಬಿಗಿದ ಪೆಕ್ಟಿನ್ ಒಳಗೆ ಕಿಣ್ವ ನುಸುಳುವುದು ಕಷ್ಟ. ಕೋಶದ ಪೊರೆಯೂ ಗಟ್ಟಿಯಾಗಿ ರಸ ಸೋರುವುದು ಕಡಿಮೆಯಾಗುತ್ತದೆ. ಕ್ಯಾಲ್ಸಿಯಂ ಹೆಚ್ಚಿರುವ ಗಡ್ಡೆ ನಿಧಾನವಾಗಿ ಕೊಳೆಯುತ್ತದೆ ಎಂಬುದು ಮತ್ತೆ ಮತ್ತೆ ಕಂಡುಬಂದಿದೆ.

ಕೊಡುವ ಜಾಗ ಇಲ್ಲಿ ಮುಖ್ಯ. ಕ್ಯಾಲ್ಸಿಯಂ ನೀರಿನ ಜೊತೆ ಬೇರಿನಿಂದ ಎಲೆಗೆ ಏರುತ್ತದೆ. ಎಲೆಯಿಂದ ಕೆಳಗೆ ಗಡ್ಡೆಗೆ ವಾಪಸ್ ಇಳಿಯುವುದು ತೀರಾ ಕಡಿಮೆ. ಹಾಗಾಗಿ ಎಲೆಗೆ ಸಿಂಪಡಿಸಿದ ಕ್ಯಾಲ್ಸಿಯಂನಿಂದ ಗಡ್ಡೆಗೆ ಲಾಭವಿಲ್ಲ. ಗಡ್ಡೆ ಮತ್ತು ಅದನ್ನು ಗಿಡಕ್ಕೆ ಸೇರಿಸುವ ಮಣ್ಣಿನೊಳಗಿನ ಕುಡಿಯ ಮೇಲಿರುವ ಸಣ್ಣ ಬೇರುಗಳೇ ಗಡ್ಡೆಗೆ ಕ್ಯಾಲ್ಸಿಯಂ ತರುವುದು. ಗಡ್ಡೆ ಕೂರುವ ಜಾಗದಲ್ಲೇ, ಅಂದ್ರೆ ಏರಿನ ಮಣ್ಣಿನಲ್ಲೇ, ಕ್ಯಾಲ್ಸಿಯಂ ಇರಬೇಕು. ಬಿತ್ತನೆ ಹೊತ್ತಿಗೆ ಅಥವಾ ಮಣ್ಣು ಏರಿಸುವಾಗ ಜಿಪ್ಸಂ ಹಾಕಬಹುದು. ಗಡ್ಡೆ ದಪ್ಪವಾಗುವ ಕಾಲದಲ್ಲಿ ಕ್ಯಾಲ್ಸಿಯಂ ನೈಟ್ರೇಟನ್ನು ಕಂತಿನಲ್ಲಿ ಕೊಡಬಹುದು. ಅದರಲ್ಲಿರುವ ಸಾರಜನಕವನ್ನು ಒಟ್ಟು ಗೊಬ್ಬರದ ಲೆಕ್ಕಕ್ಕೆ ಸೇರಿಸಿ. ಎಷ್ಟು ಪ್ರಮಾಣ ಎಂಬುದು ಮಣ್ಣು ಪರೀಕ್ಷೆಯ ಮೇಲೆ ನಿಂತಿದೆ.

ಜಿಪ್ಸಂ ಬದಲು ಸುಣ್ಣ ಸುರಿಯಬೇಡಿ. ಸುಣ್ಣದಿಂದ ಮಣ್ಣಿನ ಪಿಎಚ್ ಏರುತ್ತದೆ, ಗಡ್ಡೆಗೆ ಕಜ್ಜಿ ರೋಗ ಹತ್ತುತ್ತದೆ. ಯೂರಿಯಾ ಕೈ ತಪ್ಪಿ ಜಾಸ್ತಿಯಾದರೂ ತೊಂದರೆಯೇ. ಸೊಪ್ಪು ಹುಲುಸಾಗಿ ಬೆಳೆದು ಗಡ್ಡೆ ಬಲಿಯುವುದು ತಡವಾಗುತ್ತದೆ, ಸಿಪ್ಪೆ ತೆಳುವಾಗೇ ಉಳಿಯುತ್ತದೆ.

ಹಂತ 6: ಕೊಯ್ಲು

ಕೀಳುವ ಎರಡು ಮೂರು ವಾರ ಮುಂಚೆ ಸೊಪ್ಪು ಕತ್ತರಿಸಿ, ನೀರು ನಿಲ್ಲಿಸಿ. ಆಮೇಲೆ ಒಂದು ಗಡ್ಡೆ ತೆಗೆದು ಹೆಬ್ಬೆರಳಿನಿಂದ ಜೋರಾಗಿ ಉಜ್ಜಿ. ಸಿಪ್ಪೆ ಸುಲಿದು ಬಂದರೆ ಇನ್ನೂ ಕಾಯಿರಿ.

ಗಡ್ಡೆಗೆ ಥರ್ಮಾಮೀಟರ್ ಚುಚ್ಚಿ ನೋಡಿ. ಒಳಗಿನ ಉಷ್ಣತೆ 10ರಿಂದ 18 ಡಿಗ್ರಿ ಇರುವಾಗ ಕೀಳುವುದು ಒಳ್ಳೆಯದು. ಬಿಸಿಲಿನ ದಿನಗಳಲ್ಲಿ ನಸುಕಿನಲ್ಲೇ ಕೆಲಸ ಶುರು ಮಾಡಿ. ತೀರಾ ತಣ್ಣಗಿನ ಗಡ್ಡೆ ಬೇಗ ಬಿರಿಯುತ್ತದೆ, ಬಿಸಿ ಗಡ್ಡೆ ಬೇಗ ಕೊಳೆಯುತ್ತದೆ. ಗಡ್ಡೆ 15 ಸೆಂಟಿಮೀಟರಿಗಿಂತ ಮೇಲಿನಿಂದ ಬೀಳದ ಹಾಗೆ ನೋಡಿಕೊಳ್ಳಿ. ಬುಟ್ಟಿಯಿಂದ ಎಸೆಯುವುದು, ರಾಶಿಯ ಮೇಲೆ ನಡೆಯುವುದು ಬೇಡವೇ ಬೇಡ. ಹೊರಗೆ ಕಾಣದ ಸಣ್ಣ ಜಜ್ಜು ಗಾಯವೂ ಬ್ಯಾಕ್ಟೀರಿಯಾಕ್ಕೆ ಬಾಗಿಲು.

ನೀರು ನಿಂತ ಜಾಗದ ಗಡ್ಡೆಗಳನ್ನು ಬೇರೆಯಾಗಿ ಇಡಿ. ಅವುಗಳ ಲೆಂಟಿಸೆಲ್‌ಗಳು ಉಬ್ಬಿ ಬಿಳಿ ಚುಕ್ಕೆಗಳಂತೆ ಬಾಯಿ ತೆರೆದಿರುತ್ತವೆ. ಅಂಥವು ದಾಸ್ತಾನಿಗೆ ಹೋಗಬಾರದು. ಬೇಗ ಮಾರಿ ಅಥವಾ ಬಳಸಿ.

ಹಂತ 7: ತೊಳೆಯುವುದು

ದಾಸ್ತಾನು ಮಾಡುವ ಗಡ್ಡೆಯನ್ನು ತೊಳೆಯಲೇಬೇಡಿ. ನನ್ನ ಪ್ರಕಾರ ಇದರಲ್ಲಿ ರಿಯಾಯಿತಿ ಇಲ್ಲ.

ಮಾರಾಟಕ್ಕೆ ತೊಳೆಯಬೇಕಾದರೆ ಒಂದೇ ತೊಟ್ಟಿ ನೀರಿನಲ್ಲಿ ದಿನವಿಡೀ ಅದ್ದಬೇಡಿ. ಒಂದು ಕೊಳೆತ ಗಡ್ಡೆ ಬಿದ್ದರೂ ಆ ನೀರು ಉಳಿದೆಲ್ಲ ಗಡ್ಡೆಗಳಿಗೂ ಬ್ಯಾಕ್ಟೀರಿಯಾ ಹಂಚುತ್ತದೆ. ನೀರು ಗಡ್ಡೆಗಿಂತ ತಣ್ಣಗಿದ್ದರೆ ಗಡ್ಡೆಯೊಳಗಿನ ಗಾಳಿ ಕುಗ್ಗಿ ನೀರನ್ನು ಲೆಂಟಿಸೆಲ್ ಮೂಲಕ ಒಳಗೆ ಎಳೆದುಕೊಳ್ಳುತ್ತದೆ. ಆಳದ ತೊಟ್ಟಿಯಲ್ಲಿ ನೀರಿನ ಒತ್ತಡವೂ ಅದನ್ನೇ ಮಾಡುತ್ತದೆ. ಮೇಲಿನಿಂದ ಸಿಂಪಡಿಸಿ ತೊಳೆದರೆ ಈ ಎರಡೂ ತೊಂದರೆ ತಪ್ಪುತ್ತದೆ. ನೀರಿಗೆ ಕ್ಲೋರಿನ್ ಬೆರೆಸುವವರು ಪಿಎಚ್ 6.5ರಿಂದ 7.5ರ ಒಳಗೆ ಇಟ್ಟುಕೊಳ್ಳಿ. ಕ್ಲೋರಿನ್ ನೀರಿನಲ್ಲಿರುವ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ. ಗಡ್ಡೆಯೊಳಗೆ ಸೇರಿಕೊಂಡದ್ದಕ್ಕೆ ಅದು ತಲುಪುವುದಿಲ್ಲ.

ತೊಳೆದ ಮೇಲೆ ಗಾಳಿ ಹಾಯಿಸಿ ಪೂರ್ತಿ ಒಣಗಿಸಿ, ಆಮೇಲೆ ಚೀಲಕ್ಕೆ ತುಂಬಿ. ತೂತು ಇಲ್ಲದ ಪ್ಲಾಸ್ಟಿಕ್ ಚೀಲವಂತೂ ಬೇಡ. ಅದರೊಳಗೆ ಹಂತ 2ರ ಪರೀಕ್ಷೆಯೇ ನಡೆಯುತ್ತದೆ, ಈ ಸಲ ಇಡೀ ಬೆಳೆಯ ಮೇಲೆ.

ಹಂತ 8: ದಾಸ್ತಾನು

ಮೊದಲ ಎರಡು ವಾರ ಗಾಯ ಮಾಯುವ ಕಾಲ. 10ರಿಂದ 15 ಡಿಗ್ರಿ, ಶೇಕಡಾ 90ರಿಂದ 95 ತೇವಾಂಶ, ಜೊತೆಗೆ ನಿರಂತರ ಗಾಳಿ. ಆಮೇಲೆ ನಿಧಾನವಾಗಿ ತಣ್ಣಗೆ ಮಾಡುತ್ತಾ ಬನ್ನಿ. ಬಿತ್ತನೆಗಾದರೆ 3ರಿಂದ 4 ಡಿಗ್ರಿ. ಚಿಪ್ಸ್‌ನಂಥ ಕರಿಯುವ ಬಳಕೆಗಾದರೆ ಅಷ್ಟು ತಣ್ಣಗೆ ಬೇಡ, ಗಡ್ಡೆಯಲ್ಲಿ ಸಕ್ಕರೆ ಏರುತ್ತದೆ. 8ರಿಂದ 10 ಡಿಗ್ರಿ ಸಾಕು.

ಬಂದ ಗಡ್ಡೆಯಲ್ಲೇ ಕೊಳೆ ಕಾಣುತ್ತಿದ್ದರೆ ಈ ಕ್ರಮ ಬದಲಾಯಿಸಿ. ಬೆಚ್ಚಗೆ, ತೇವವಾಗಿ ಎರಡು ವಾರ ಇಟ್ಟರೆ ಗಾಯ ಮಾಯುವ ಮುಂಚೆ ಕೊಳೆ ಹರಡುತ್ತದೆ. ಕೊಳೆತದ್ದನ್ನು ಆರಿಸಿ ತೆಗೆದು, ತೇವಾಂಶ ಹೆಚ್ಚಿಸದೆ, ಜೋರು ಗಾಳಿ ಬಿಟ್ಟು ಮೈ ಒಣಗಿಸಿ, ಬೇಗ ತಣ್ಣಗೆ ಮಾಡಿ. ತೂಕ ಸ್ವಲ್ಪ ಕಡಿಮೆಯಾಗುತ್ತದೆ. ಪರವಾಗಿಲ್ಲ.

ದಾಸ್ತಾನಿನಲ್ಲಿ ಕಣ್ಣಿಗೆ ಬೀಳದ ಅಪಾಯ ಬೆವರುವುದು. ತಣ್ಣಗಿನ ಗಡ್ಡೆಗೆ ಬಿಸಿ ಗಾಳಿ ತಾಗಿದರೆ ಮೈಮೇಲೆ ನೀರಿನ ಹನಿ ಕೂರುತ್ತದೆ. ಹಗಲು ಬಿಸಿಯಲ್ಲಿ ಬಾಗಿಲು ತೆರೆದಿಡುವುದು, ತಣ್ಣಗಿನ ಕೋಣೆಯಿಂದ ತಂದು ನೇರವಾಗಿ ಬಿಸಿಲಲ್ಲಿ ಇಳಿಸುವುದು, ರಾಶಿಗೆ ಪ್ಲಾಸ್ಟಿಕ್ ಹೊದಿಸುವುದು, ಎಲ್ಲದರಿಂದಲೂ ಆಗುವುದು ಇದೇ. ಹೊರಗಿನ ಗಾಳಿ ಗಡ್ಡೆಗಿಂತ ತುಸು ತಣ್ಣಗಿರುವಾಗ ಮಾತ್ರ ಒಳಗೆ ಬಿಡಿ. ಹೊರಗೆ ತೆಗೆಯುವ ಮುಂಚೆ ಹಂತ ಹಂತವಾಗಿ ಬೆಚ್ಚಗೆ ಮಾಡಿ.

ವಾರಕ್ಕೊಮ್ಮೆ ರಾಶಿ ಸುತ್ತಿ ಬನ್ನಿ. ಮೇಲ್ಭಾಗ ಒಂದು ಕಡೆ ಕುಸಿದಿದೆಯೇ, ನೆಲದಲ್ಲಿ ತೇವದ ಕಲೆ ಇದೆಯೇ, ಸಣ್ಣ ನೊಣಗಳು ಸುತ್ತುತ್ತಿವೆಯೇ ನೋಡಿ. ಥರ್ಮಾಮೀಟರನ್ನು ಹಲವು ಕಡೆ ಇಳಿಸಿ. ಒಂದು ಜಾಗ ಮಾತ್ರ ಬೆಚ್ಚಗಿದ್ದರೆ ಅದರ ಕೆಳಗೆ ಕೊಳೆ ಎದ್ದಿದೆ ಎಂದೇ ತಿಳಿಯಿರಿ.

ಹಂತ 9: ಕೊಳೆ ಕಂಡಾಗ

ಕೊಳೆತ ಗಡ್ಡೆಯಿಂದ ಸೋರುವ ದ್ರವದಲ್ಲಿ ಬ್ಯಾಕ್ಟೀರಿಯಾವೂ ಇದೆ, ಆಗಲೇ ತಯಾರಾದ ಕಿಣ್ವವೂ ಇದೆ. ಆದ್ದರಿಂದ ಕೊಳೆತದ್ದನ್ನಷ್ಟೇ ತೆಗೆದರೆ ಸಾಲದು, ಅದರ ಕೆಳಗೆ ಒದ್ದೆಯಾದ ಗಡ್ಡೆಗಳನ್ನೂ ಬೇರೆ ಮಾಡಿ ಒಣಗಿಸಿ. ರಾಶಿಯನ್ನು ಸುಮ್ನೆ ತಿರುವಿ ಹಾಕಬೇಡಿ. ತಿರುವಿದರೆ ಲೋಳೆ ಎಲ್ಲ ಗಡ್ಡೆಗೂ ಬಳಿದ ಹಾಗಾಗುತ್ತದೆ, ಹೊಸ ಗಾಯಗಳೂ ಆಗುತ್ತವೆ. ಆ ಭಾಗವನ್ನು ಮೇಲಿನಿಂದ ಕೈಯಲ್ಲಿ ಎತ್ತಿ ತೆಗೆಯಿರಿ, ಉಳಿದ ರಾಶಿ ಕದಲದಿರಲಿ.

ಆಮೇಲೆ ಬುಟ್ಟಿ, ಹಲಗೆ, ನೆಲ ಎಲ್ಲವನ್ನೂ ಮೊದಲು ಸೋಪಿನ ನೀರಲ್ಲಿ ಉಜ್ಜಿ ತೊಳೆದು, ನಂತರ ಬ್ಲೀಚ್ ದ್ರಾವಣ ಹಚ್ಚಿ, ಕೊನೆಗೆ ಬಿಸಿಲಲ್ಲಿ ಒಣಗಿಸಿ. ತೊಳೆಯದೆ ಬ್ಲೀಚ್ ಹಚ್ಚಿದರೆ ಅದು ಕೊಳೆಯ ಮೇಲೇ ಖರ್ಚಾಗಿಬಿಡುತ್ತದೆ. ತೆಗೆದ ಗಡ್ಡೆಗಳನ್ನು ಹೊಲದ ಅಂಚಿಗೆ ಅಥವಾ ನೀರಿನ ಕಾಲುವೆ ಪಕ್ಕ ಸುರಿಯಬೇಡಿ. ಮಳೆಯ ಸಿಡಿತ, ನೊಣ, ಹರಿಯುವ ನೀರು ಮೂರೂ ಅದನ್ನು ಹೊಸ ಬೆಳೆಗೆ ಹೊತ್ತು ತರುತ್ತವೆ. ನೀರಿನ ಮೂಲದಿಂದ ದೂರ, ಮತ್ತೆ ಮೊಳೆಯದಷ್ಟು ಆಳದ ಗುಂಡಿಯಲ್ಲಿ ಹೂತು ಮಣ್ಣು ಮುಚ್ಚಿ.